ಕ್ಯಾಮೆರಾಕ್ಕೆ ಇರುಳುಗುರುಡು: ಮೂರು ಬಗೆಯ ಪಿಓಇ ಸ್ವಿಚ್ಚು, ಒಂದು ಅಡಿಕೆ ಗೋದಾಮು

ಮೊದಲೇ ಹೇಳಿಬಿಡುತ್ತೇನೆ. ಪಿಓಇ ಸ್ವಿಚ್ಚು ಎಂದರೆ ನೆಟ್‌ವರ್ಕಿನ ಸಾಮಾನುಗಳನ್ನು ಜೋಡಿಸಿ, ಅದೇ ಕೇಬಲ್ಲಿನಲ್ಲಿ ಅವಕ್ಕೆ ಕರೆಂಟನ್ನೂ ಕೊಡುವ ಪೆಟ್ಟಿಗೆ. ನಾನು ಹಾಕಿ ನೋಡಿದ ಮೂರರಲ್ಲಿ ನನಗೆ ಹಿಡಿಸಿದ್ದು ಕೊನೆಯದು. ಮೊದಲಿನ ಎರಡಕ್ಕೆ ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ತಕ್ಕಡಿ ಒಂದು ಕಡೆ ವಾಲಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕೊಂಡವುಗಳ ಕಂಪನಿ ಹೆಸರು ಬರೆಯುವುದಿಲ್ಲ, ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಜಾಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಭಾವನ ಅಡಿಕೆ ವ್ಯಾಪಾರ. ರಸ್ತೆ ಬದಿಗೆ ಆಫೀಸು, ನಡುವೆ ಅಂಗಳ, ಹಿಂದೆ ಗೋದಾಮು. ಆಫೀಸಿನಿಂದ ಗೋದಾಮಿಗೆ ಅರುವತ್ತು ಮೀಟರ್. ಆಫೀಸಿನಲ್ಲಿ ಎಂಟು ಐಪಿ ಫೋನು, ಮೂರು ವೈಫೈ, ಮೂರು ಕ್ಯಾಮೆರಾ, ಒಂದು ಹಾಜರಿ ಮೆಷಿನ್. ಗೋದಾಮಿನ ಕಡೆ ಹನ್ನೊಂದು ಕ್ಯಾಮೆರಾ, ಮೂರು ಫೋನು, ಎರಡು ವೈಫೈ. ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ ಎಂದು ಅಡಿಕೆಯನ್ನು ಬಗೆಬಗೆಯಾಗಿ ರಾಶಿ ಹಾಕುವಲ್ಲಿ ಕ್ಯಾಮೆರಾ ಜಾಸ್ತಿಯೇ ಬೇಕಾಗುತ್ತದೆ. ಇವಕ್ಕೆ ಯಾವುದಕ್ಕೂ ಬೇರೆ ಅಡಾಪ್ಟರ್ ಇಲ್ಲ, ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಹೋಗಬೇಕು. ನಾನಿರುವುದು ಕುಂಬಳೆಯಲ್ಲಿ. ಏನಾದರೂ ಕೆಟ್ಟರೆ ಸ್ಕೂಟರು ಹತ್ತಿ ಸೀತಾಂಗೋಳಿ ದಾಟಿ ನಾನೇ ಹೋಗಬೇಕು.

ಮೊದಲು ತಂದದ್ದು ಅಗ್ಗದ್ದು. 24 ಪೋರ್ಟು, ಎಲ್ಲದರಲ್ಲೂ ಪಿಓಇ, ಒಂದಕ್ಕೆ ಹದಿನೆಂಟು ಸಾವಿರದ ಹಾಗೆ. ಎರಡು ತಂದು ಆಫೀಸಿಗೊಂದು, ಗೋದಾಮಿಗೊಂದು ಹಾಕಿದೆ. ಸ್ಟ್ಯಾಕ್ ಆಗುವುದಿಲ್ಲ, ಅಂದರೆ ಎರಡನ್ನು ಜೋಡಿಸಿ ಒಂದೇ ಸ್ವಿಚ್ಚಿನ ಹಾಗೆ ಓಡಿಸಲಾಗುವುದಿಲ್ಲ. ಬೇಕೆಂದು ಆಗ ಅನಿಸಿರಲೂ ಇಲ್ಲ. ಮೇ ತಿಂಗಳಿನಲ್ಲಿ ಹಾಕಿದ್ದು. ಜೂನಿನಲ್ಲಿ ಮಳೆ ಹಿಡಿಯಿತು. ಭಾವನ ಫೋನು ಬಂತು.

"ಎಂತ ಭಾವ, ನಿನ್ನ ಕ್ಯಾಮೆರಾಕ್ಕೆ ಇರುಳುಗುರುಡು ಉಂಟಾ?"

ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೇಟಿನ ಕ್ಯಾಮೆರಾ ಮತ್ತು ತೂಕದ ಜಾಗದ ಕ್ಯಾಮೆರಾ ಹೋಗುತ್ತಿತ್ತು. ಪೂರ್ತಿ ಹೋಗುವುದೂ ಅಲ್ಲ. ಒಂದು ನಿಮಿಷ ಬರುವುದು, ಮತ್ತೆ ಹೋಗುವುದು. ಬೆಳಿಗ್ಗೆ ನಾನು ಹೋಗಿ ನೋಡಿದರೆ ಏನೂ ಆಗದವರ ಹಾಗೆ ಎರಡೂ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದವು.

ಕನೆಕ್ಟರಿಗೆ ನೀರು ಹೋಗಿದೆ ಎಂದುಕೊಂಡೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಸಂಜೆ ಮತ್ತೆ ಅದೇ. ಕೇಬಲ್ಲು ಬದಲಾಯಿಸಿದೆ. ಹಳೆಯದು ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಾಕಿದ ಜಾತಿಯದ್ದು, ಅದನ್ನು ತೆಗೆದು ಪೂರಾ ತಾಮ್ರದ್ದು ಎಳೆದೆ. ಅದು ಹೇಗೂ ಮಾಡಬೇಕಾದ ಕೆಲಸವೇ, ಪಿಓಇಗೆ ಅಲ್ಯೂಮಿನಿಯಂ ಕೇಬಲ್ಲು ಹಾಕಬೇಡಿ. ಆದರೆ ರೋಗ ಹೋಗಲಿಲ್ಲ. ಗೇಟಿನ ಕ್ಯಾಮೆರಾ ತೆಗೆದು ಅಲ್ಲಿಗೆ ಹೊಸದು ಹಾಕಿದೆ. ಸಂಜೆ ಹೊಸದೂ ಹೋಯಿತು. ತೆಗೆದ ಹಳೆಯದನ್ನು ಮನೆಯಲ್ಲಿ ಹಾಕಿ ನೋಡಿದರೆ ಇಡೀ ರಾತ್ರಿ ಚಂದ ಓಡಿತು. ಹದಿನೈದು ದಿನ ಹೀಗೇ.

ಗುಟ್ಟು ಬಿಟ್ಟುಕೊಟ್ಟದ್ದು ಮಳೆಯೇ. ಒಂದು ದಿನ ನಾನು ಗೋದಾಮಿನಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ಮೋಡ ಕವಿದು ಪೂರಾ ಕತ್ತಲಾಯಿತು. ಕ್ಯಾಮೆರಾ ಎರಡೂ ಹೋದವು. ಅಂದರೆ ಇವಕ್ಕೆ ಗಂಟೆಯ ಲೆಕ್ಕ ಇಲ್ಲ, ಕತ್ತಲಿನ ಲೆಕ್ಕ!

ಕತ್ತಲಾದರೆ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪ ಉರಿಯುತ್ತದೆ. ಹಗಲು ಐದು ವ್ಯಾಟ್ ತಿನ್ನುವ ನಮ್ಮ ಕ್ಯಾಮೆರಾ ಆಗ ಒಂಬತ್ತು ತಿನ್ನುತ್ತದೆ. ಹನ್ನೊಂದು ಕ್ಯಾಮೆರಾಕ್ಕೆ ಹಗಲು 55 ವ್ಯಾಟ್, ರಾತ್ರಿ 99. ಫೋನು ಮತ್ತು ವೈಫೈಗೆ ಒಟ್ಟು 33. ಅಲ್ಲಿಗೆ ಹಗಲು 88, ರಾತ್ರಿ 132. ಸ್ವಿಚ್ಚು ಎಲ್ಲ ಪೋರ್ಟಿಗೂ ಸೇರಿಸಿ ಕೊಡಬಲ್ಲದ್ದು 120 ಮಾತ್ರ. ಸಾಲದೆ ಬಂದಾಗ ಅದು ಕಡಿಮೆ ಆದ್ಯತೆಯ ಪೋರ್ಟಿನ ಕರೆಂಟು ತೆಗೆಯುತ್ತದೆ. ನಾವು ಆದ್ಯತೆ ಹೇಳಿಕೊಡದಿದ್ದರೆ ಸಾಮಾನ್ಯವಾಗಿ ದೊಡ್ಡ ನಂಬರಿನ ಪೋರ್ಟು ಮೊದಲು ಹೋಗುತ್ತದೆ. ಗೇಟು ಮತ್ತು ತೂಕದ ಜಾಗದ ಕೇಬಲ್ಲುಗಳನ್ನು ಕೊನೆಗೆ ಎಳೆದದ್ದರಿಂದ ಅವು ಇದ್ದದ್ದು 23 ಮತ್ತು 24ರಲ್ಲಿ. ಎರಡೂ ಹೋದ ಕೂಡಲೇ ಬಳಕೆ 114ಕ್ಕೆ ಇಳಿಯುತ್ತದೆ. ಐದು ವ್ಯಾಟಿಗೆ ಜಾಗ ಉಂಟು ಎಂದು ಸ್ವಿಚ್ಚು ಒಂದನ್ನು ಎಬ್ಬಿಸುತ್ತದೆ. ಅದು ಎದ್ದು ದೀಪ ಹಚ್ಚಿಕೊಂಡ ಕೂಡಲೇ 123. ಮತ್ತೆ ಕಟ್. ಇಡೀ ರಾತ್ರಿ ಇದೇ ಆಟ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದದ್ದು 'ಪ್ರತಿ ಪೋರ್ಟಿಗೆ 30 ವ್ಯಾಟ್'. ಸುಳ್ಳಲ್ಲ. ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ 2009ರ 802.3ಎಟಿ ನಿಯಮದಲ್ಲಿ ಒಂದು ಪೋರ್ಟಿಗೆ 30 ವ್ಯಾಟಿನವರೆಗೆ ಉಂಟು, ಕೇಬಲ್ಲಿನಲ್ಲಿ ಕಳೆದು ಸಾಮಾನಿಗೆ 25.5 ಸಿಗುತ್ತದೆ. 2003ರ 802.3ಎಎಫ್‌ನಲ್ಲಿ ಪೋರ್ಟಿಗೆ 15.4, ಸಾಮಾನಿಗೆ 12.95. ಆದರೆ ಇದು ಒಂದು ಪೋರ್ಟಿನ ಮಾತು. ಒಟ್ಟು ಎಷ್ಟು ಎಂಬುದು ಒಳಗಿನ ಕಾಗದದಲ್ಲಿ, ಸಣ್ಣ ಅಕ್ಷರದಲ್ಲಿ. ಅದಕ್ಕೆ ಪಿಓಇ ಬಜೆಟ್ ಎನ್ನುತ್ತಾರೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ದೊಡ್ಡ 24 ಪೋರ್ಟಿನವುಗಳಲ್ಲಿ 370 ವ್ಯಾಟ್ ಎಂದು ಕಾಣುತ್ತದಲ್ವಾ? 24ನ್ನು 15.4ರಿಂದ ಗುಣಿಸಿ ನೋಡಿ, 369.6. ಎಲ್ಲ ಪೋರ್ಟಿಗೂ ಹಳೆಯ ಲೆಕ್ಕದ ಪೂರ್ತಿ ಪಾಲು.

ಇನ್ನೊಂದು ಮಾತು. ಕೆಲವು ಸ್ವಿಚ್ಚುಗಳು ನಿಜವಾಗಿ ತಿಂದದ್ದನ್ನು ಲೆಕ್ಕ ಹಾಕುವುದಿಲ್ಲ. ಸಾಮಾನು ಯಾವ ಕ್ಲಾಸಿನದ್ದೋ, ಆ ಕ್ಲಾಸಿಗೆ ಹೆಚ್ಚೆಂದರೆ ಎಷ್ಟು ವ್ಯಾಟ್ ಉಂಟೋ ಅಷ್ಟನ್ನು ಪೂರ್ತಿ ಎತ್ತಿಡುತ್ತವೆ. ಅಂಥದ್ದರಲ್ಲಿ ನಮ್ಮ ಬಜೆಟ್ ಹಗಲೇ ಮುಗಿಯುತ್ತಿತ್ತು. ಹಾಗಾಗಿದ್ದರೇ ಒಳ್ಳೆಯದಿತ್ತು, ಹದಿನೈದು ದಿನ ಸ್ಕೂಟರು ಓಡಿಸುವುದು ತಪ್ಪುತ್ತಿತ್ತು.

ಕ್ಯಾಮೆರಾಗಳ ಆದ್ಯತೆ ಏರಿಸಿ, ಗೋದಾಮಿನ ಒಂದು ವೈಫೈ ಬಂದ್ ಮಾಡಿ ಆ ಮಳೆಗಾಲ ಹೇಗೋ ಕಳೆಯಿತು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಆಫೀಸಿನಿಂದ ಗೋದಾಮಿಗೆ ಎಳೆದಿದ್ದ ತಾಮ್ರದ ಕೇಬಲ್ಲಿನ ಎರಡೂ ತುದಿಯ ಪೋರ್ಟು ಸುಟ್ಟವು. ಅಲ್ಲಿಗೆ ಅಗ್ಗದ ಕಥೆ ಮುಗಿಯಿತು.

ಎರಡನೆಯದು ಸೆಕೆಂಡ್ ಹ್ಯಾಂಡ್. ದೊಡ್ಡ ಆಫೀಸುಗಳಿಂದ ಹೊರಬಿದ್ದ ಸ್ವಿಚ್ಚು, 370 ವ್ಯಾಟ್, ಸ್ಟ್ಯಾಕ್ ಆಗುವಂಥದ್ದು, ಕ್ರಯ ಹೊಸದರ ಕಾಲು ಪಾಲು. ಬೆಂಗಳೂರಿನಿಂದ ಎರಡು ತರಿಸಿದೆ. ಗಟ್ಟಿ ಸಾಮಾನು, ಎತ್ತುವಾಗಲೇ ಗೊತ್ತಾಗುತ್ತದೆ.

ಸ್ಟ್ಯಾಕ್ ಯಾಕೆ ಬೇಕಾಯಿತು ಎಂದರೆ, ಸ್ಟ್ಯಾಕ್ ಮಾಡಿದರೆ ಎರಡು ಪೆಟ್ಟಿಗೆ ಒಂದೇ ಸ್ವಿಚ್ಚಿನ ಹಾಗೆ ಕಾಣುತ್ತದೆ. ಒಂದೇ ಐಪಿ ವಿಳಾಸ, ಒಂದೇ ಲಾಗಿನ್, ಒಂದೇ ಕಡೆ ಸೆಟ್ಟಿಂಗ್. ಕುಂಬಳೆಯಲ್ಲಿ ಕೂತು ನೋಡುವವನಿಗೆ ಅದು ಅನುಕೂಲ. ಆದರೆ ಸ್ಟ್ಯಾಕ್ ಮಾಡುವುದರಲ್ಲೇ ಎರಡು ದಾರಿ ಉಂಟು. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 9200 ಸಾಲಿನ ಹಾಗೆ ಹಿಂಬದಿಯಲ್ಲಿ ಬೇರೆಯೇ ಮಾಡ್ಯೂಲು, ಬೇರೆಯೇ ಕೇಬಲ್ಲು, ಎಂಟರವರೆಗೆ ಜೋಡಿಸಬಹುದು. ಅರುಬಾ ಕಂಪನಿಯ ವಿಎಸ್‌ಎಫ್ ಎಂಬ ವಿಧಾನದ ಹಾಗೆ ಮುಂದಿನ ಸಾಮಾನ್ಯ ಎಸ್‌ಎಫ್‌ಪಿ ಪೋರ್ಟಿನಲ್ಲೇ (ಫೈಬರ್ ಹಾಕಬಹುದಾದ ಪೋರ್ಟು) ಜೋಡಿಸುವುದು ಇನ್ನೊಂದು. ಒಂದರ ಮೇಲೊಂದು ಒಂದೇ ರ‍್ಯಾಕಿನಲ್ಲಿ ಕೂರಿಸುವವರಿಗೆ ಹಿಂಬದಿಯದ್ದು ಒಳ್ಳೆಯದು, ವೇಗವೂ ಹೆಚ್ಚು, ಮುಂದಿನ ಪೋರ್ಟೂ ಉಳಿಯುತ್ತದೆ.

ನನಗೆ ಬಂದದ್ದು ಹಿಂಬದಿಯ ಜಾತಿ. ತಿರುಗಿಸಿ ನೋಡಿದರೆ ಮಾಡ್ಯೂಲಿನ ಜಾಗದಲ್ಲಿ ತಗಡಿನ ಮುಚ್ಚಳ. ಮಾರಿದವರನ್ನು ಕೇಳಿದರೆ "ಅದು ಬೇರೆ ಸರ್, ಆಪ್ಷನಲ್" ಎಂದರು. ಎರಡು ವಾರ ಹುಡುಕಿ ಮಾಡ್ಯೂಲು ತರಿಸಿದೆ. ಕೇಬಲ್ಲು ಮತ್ತೆ ಬೇರೆ. ಅದನ್ನು ಹುಡುಕಲು ಕೂತಾಗಲೇ ಗೊತ್ತಾದದ್ದು, ಅತಿ ಉದ್ದದ ಕೇಬಲ್ಲು ಮೂರು ಮೀಟರ್. ಗೋದಾಮು ಇರುವುದು ಅರುವತ್ತು ಮೀಟರ್ ದೂರದಲ್ಲಿ. ಇದನ್ನು ಮೊದಲೇ ನೋಡದವನಿಗೆ ಏನು ಹೇಳುವುದು? ಭಾವ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದರ ಸಾಫ್ಟ್‌ವೇರಿಗೆ ಅಪ್‌ಡೇಟೂ ನಿಂತುಹೋಗಿತ್ತು. ಫ್ಯಾನಿನ ಸದ್ದಿಗೆ ಆಫೀಸಿನಲ್ಲಿ ಫೋನು ಕೇಳುತ್ತಿರಲಿಲ್ಲ.

ಮೂರನೆಯದು ಹೊಸದು. 24 ಪೋರ್ಟು, 370 ವ್ಯಾಟ್, ಮುಂದೆ ನಾಲ್ಕು 10 ಗಿಗಾಬಿಟ್ಟಿನ ಎಸ್‌ಎಫ್‌ಪಿ ಪ್ಲಸ್ ಪೋರ್ಟು, ಅದರಲ್ಲೇ ಸ್ಟ್ಯಾಕ್. ಎರಡಕ್ಕೆ ಒಂದೂವರೆ ಲಕ್ಷದ ಮೇಲೆ ಹೋಯಿತು. ಮಂಗಳೂರಿನಲ್ಲಿ ಕೊಂಡದ್ದು. ನಮ್ಮ ಕಡೆಯವರು ಅಲ್ಲಿ ಕೊಂಡರೆ ಬಿಲ್ಲು ಐಜಿಎಸ್‌ಟಿಯಲ್ಲಿ (ರಾಜ್ಯದಿಂದ ರಾಜ್ಯಕ್ಕೆ ಆಗುವ ಮಾರಾಟದ ತೆರಿಗೆ) ಹಾಕಿಸಿ. ಕರ್ನಾಟಕದ ಎಸ್‌ಜಿಎಸ್‌ಟಿ ಬಿಲ್ಲಿಗೆ ಕೇರಳದ ನೋಂದಣಿಯಲ್ಲಿ ಇನ್‌ಪುಟ್, ಅಂದರೆ ಕೊಟ್ಟ ತೆರಿಗೆಯ ಕಡಿತ, ಸಿಗುವುದಿಲ್ಲ. 18 ಶೇಕಡಾ ಸಣ್ಣದಲ್ಲ.

ಮುಂದಿನ ಪೋರ್ಟಿನಲ್ಲಿ ಸ್ಟ್ಯಾಕ್ ಆಗುವುದರಿಂದ ನಡುವೆ ಫೈಬರ್ ಹಾಕಬಹುದು. ಅರುವತ್ತು ಮೀಟರ್ ಅದಕ್ಕೆ ಏನೂ ಅಲ್ಲ. ಫೈಬರಿನಲ್ಲಿ ಸಿಡಿಲಿನ ಕರೆಂಟೂ ಹರಿಯುವುದಿಲ್ಲ. ಎರಡು ಫೈಬರ್ ಎಳೆದೆ, ಒಂದು ಅಂಗಳದ ಅಡಿಯಲ್ಲಿ ಪೈಪಿನೊಳಗೆ, ಇನ್ನೊಂದು ಶೀಟಿನ ಮಾಡಿನ ಬದಿಯಲ್ಲಿ. ಹೆಗ್ಗಣ ಎರಡನ್ನೂ ಒಟ್ಟಿಗೆ ಕಡಿಯಲಾರದು ಎಂಬ ಧೈರ್ಯ.

ಹಾಕಿದ ದಿನ ಭಾವ ಗೋದಾಮಿನ ಫೋನಿನಲ್ಲಿ ಮಾತಾಡುತ್ತಿರುವಾಗ ಒಂದು ಫೈಬರನ್ನು ಪೋರ್ಟಿನಿಂದ ಎಳೆದು ತೆಗೆದೆ. ಮಾತು ನಿಲ್ಲಲಿಲ್ಲ. ಎರಡನ್ನೂ ಎಳೆದು ತೆಗೆದಾಗ ಮಾತ್ರ ಪೇಚಾಟ. ಎರಡು ಸ್ವಿಚ್ಚೂ ತಾನೇ ಯಜಮಾನ ಎಂದು ಒಂದೇ ಐಪಿ ಹಿಡಿದುಕೊಂಡು ಕೂತವು. ವಾಪಸ್ ಚುಚ್ಚಿದರೆ ಗೋದಾಮಿನದ್ದು ರೀಬೂಟ್ ಆಯಿತು. ಐದು ನಿಮಿಷ ಕ್ಯಾಮೆರಾ ಇಲ್ಲ, ಫೋನಿಲ್ಲ. "ಸುಮ್ನೆ ಇದ್ದದ್ದನ್ನು ಯಾಕೆ ಎಳೆಯುವುದು ಮಾರಾಯ?" ಎಂದ ಭಾವ. ಅಪ್‌ಡೇಟ್ ಮಾಡುವಾಗಲೂ ಎರಡೂ ಒಟ್ಟಿಗೆ ರೀಬೂಟ್ ಆಗುತ್ತವೆ, ಹಾಗಾಗಿ ಅದು ಭಾನುವಾರದ ಕೆಲಸ.

ಫ್ಯಾನ್ ಸದ್ದು ಉಂಟು, ತಡೆದುಕೊಳ್ಳಬಹುದು. ಅಡಿಕೆ ಧೂಳನ್ನು ಎಳೆದುಕೊಳ್ಳುತ್ತದೆ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಯುಪಿಎಸ್ ಕೂಡ ದೊಡ್ಡದು ಬೇಕಾಯಿತು.

ಎರಡೂ ಸ್ವಿಚ್ಚು ಒಂದೇ ಕೋಣೆಯಲ್ಲಿದ್ದು, ಹಿಂಬದಿಯ ಮಾಡ್ಯೂಲು, ಕೇಬಲ್ಲು ಎಲ್ಲ ಸೇರಿಸಿ ಕೊಡುವವರು ಸಿಕ್ಕರೆ ಸೆಕೆಂಡ್ ಹ್ಯಾಂಡಿಗೇ ಹೋಗಿ. ಹತ್ತು ಫೋನು, ನಾಲ್ಕು ಕ್ಯಾಮೆರಾದ ಆಫೀಸಿಗೆ ಸ್ಟ್ಯಾಕೇ ಬೇಡ. ಬಜೆಟ್ ನೋಡಿ ಬಿಡಿ ಸ್ವಿಚ್ಚು ಕೊಳ್ಳಿ, ನಡುವೆ ಒಂದು ಫೈಬರ್ ಹಾಕಿ. ನಾನು ಮೂರನೆಯದಕ್ಕೆ ಅಷ್ಟು ದುಡ್ಡು ಹಾಕಿಸಿದ್ದು ಮಳೆಯಲ್ಲಿ ಸೀತಾಂಗೋಳಿ ದಾಟಿ ಹೋಗಲು ಮನಸ್ಸಿಲ್ಲದೆ. ದುಡ್ಡು ಭಾವನದ್ದು, ಸ್ಕೂಟರು ನನ್ನದು.

ಆ 120 ವ್ಯಾಟಿನ ಎರಡರಲ್ಲಿ ಒಂದು ಈಗ ನನ್ನ ಮನೆಯಲ್ಲಿದೆ. ಸುಟ್ಟ ಪೋರ್ಟಿಗೆ ಟೇಪ್ ಅಂಟಿಸಿದ್ದೇನೆ. ಒಂದು ವೈಫೈ, ಅಂಗಳಕ್ಕೊಂದು ಕ್ಯಾಮೆರಾ. ಕತ್ತಲಾದ ಮೇಲೂ ಚಂದ ಕಾಣುತ್ತದೆ.