ಕರಾವಳಿಯವರೇ, ಲೆಕ್ಕ ಹಾಕಿಸದೆ ದೊಡ್ಡ ಎಸಿ ತರಬೇಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಕಾರವಾರದ ನಮ್ಮ ಮನೆಯ ಮಹಡಿ ಕೋಣೆಗೆ ಎಸಿ ಹಾಕಿಸಿದೆವು. ಹತ್ತಡಿ, ಹನ್ನೆರಡಡಿಯ ಕೋಣೆ. ಮೇಲೆ ಬರೀ ತಾರಸಿ, ಪಶ್ಚಿಮಕ್ಕೆ ಒಂದು ಕಿಟಕಿ. ಅಂಗಡಿಯವರು ಮನೆ ನೋಡಲು ಬರಲೇ ಇಲ್ಲ. ಫೋನಿನಲ್ಲೇ ಕೇಳಿ, "ಮೇಲಿನ ಮಹಡಿ, ಸಮುದ್ರದ ಕಡೆ ಸೆಕೆ ಜಾಸ್ತಿ. ಎರಡು ಟನ್ನೇ ಹಾಕಿಸಿ, ಬೇಗ ತಣ್ಣಗಾಗುತ್ತೆ" ಅಂದರು. ದೊಡ್ಡದಿದ್ದರೆ ಒಳ್ಳೇದೇ ಅಲ್ವಾ ಅಂತ ನಾವೂ ಒಪ್ಪಿದೆವು. ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೇಸಿಗೆ ಹೇಗೋ ಕಳೆಯಿತು. ಐದಾರು ನಿಮಿಷಕ್ಕೆ ಕೋಣೆ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಬಂದ್. ಶುರುವಾದಾಗಲೆಲ್ಲ ದೀಪ ಒಮ್ಮೆ ಮಂಕಾಗುತ್ತಿತ್ತು. ಕೋಣೆ ತಣ್ಣಗಿದ್ದರೂ ಮೈ ಅಂಟಂಟು. ಸೆಕೆಯೇ ಇರಬೇಕು ಅಂದುಕೊಂಡು 24ರಿಂದ 22ಕ್ಕೆ, ಆಮೇಲೆ 20ಕ್ಕೆ ಇಳಿಸಿದೆವು.

ಮಳೆ ಹಿಡಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಜುಲೈನಲ್ಲಿ ಹೊರಗೆ 27 ಡಿಗ್ರಿ ಆಸುಪಾಸು, ಗಾಳಿ ತುಂಬ ನೀರು. ಎಸಿ ಮೂರು ನಿಮಿಷ ಓಡಿ ನಿಲ್ಲುತ್ತಿತ್ತು. ಹಾಸಿಗೆ ಬಟ್ಟೆ ಮುಟ್ಟಿದರೆ ಹಸಿ. ಒಂದು ದಿನ ಮುಗ್ಗಲು ವಾಸನೆ ತಡೆಯದೆ ಕಪಾಟು ಸರಿಸಿದೆ. ಹಿಂದಿನ ಗೋಡೆಯ ಮೇಲೆ ಅಂಗೈ ಅಗಲದ ಕಪ್ಪು ಹಸಿರು ಬೂಸ್ಟು, ಒಂದರ ಪಕ್ಕ ಒಂದು. ಕಪಾಟಿನೊಳಗೆ ಅಮ್ಮನ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಬಿಳಿ ಬೂಸ್ಟು ಪುಡಿ ಉದುರಿಸಿದ ಹಾಗೆ ಕೂತಿತ್ತು. ಬಿಸಿಲು ಕಾಣದ ತಿಂಗಳಲ್ಲಿ ಅದನ್ನು ಎಲ್ಲಿ ಒಣಗಿಸುವುದು?

ರಿಪೇರಿಯವರು ಎರಡು ಸಲ ಬಂದರು. ಗ್ಯಾಸ್ ನೋಡಿ, ಫಿಲ್ಟರ್ ತೊಳೆದು, ದುಡ್ಡು ತಗೊಂಡು ಹೋದರು. ಕೊನೆಗೆ ಈ ಕೆಲಸ ಬಲ್ಲ ನೆಂಟರೊಬ್ಬರು ಶಿರಸಿಯಿಂದ ಬಂದಾಗ ವಿಷಯ ಬಯಲಾಯಿತು. ಅವರು ಮೊದಲು ಮಾಡಿದ್ದು ತೇವ ಅಳೆಯುವ ಸಣ್ಣ ಮೀಟರ್ ಇಟ್ಟಿದ್ದು. ಉಷ್ಣತೆ 22, ತೇವ ಶೇ. 81. ಎರಡನೆಯದಾಗಿ, ಎಸಿಯ ನೀರಿನ ಪೈಪಿನ ಕೆಳಗೆ ಬಕೆಟ್ ಇಟ್ಟರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಚೊಂಬಿನಷ್ಟು ನೀರು, ಅಷ್ಟೇ.

ಎಸಿಗೆ ಎರಡು ಕೆಲಸ ಇದೆ. ಗಾಳಿಯ ಬಿಸಿ ತೆಗೆಯಬೇಕು, ನೀರನ್ನೂ ಹಿಂಡಬೇಕು. ತಣ್ಣೀರಿನ ಚೊಂಬಿನ ಹೊರಮೈ ಬೆವರುತ್ತದಲ್ಲ, ಎಸಿಯೊಳಗೆ ತಣ್ಣಗಾಗುವ ಕೊಳವೆಯ ಸುರುಳಿ, ಅಂದರೆ ಕಾಯಿಲ್ ಮೇಲೂ ಹಾಗೇ ಹನಿ ಕೂರುತ್ತದೆ. ಆ ಹನಿ ಕೂಡಿ ಇಳಿದು ಪೈಪ್ ಸೇರಲು ಒಂದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಕಂಪ್ರೆಸರ್ ನಿಂತರೆ, ಒಳಗಿನ ಫ್ಯಾನು ತಿರುಗುತ್ತಲೇ ಇರುವುದರಿಂದ ಆ ನೀರು ವಾಪಸ್ ಕೋಣೆಗೇ ಬರುತ್ತದೆ. ಹುಬ್ಬಳ್ಳಿ ಕಡೆಯ ಒಣ ಬೇಸಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. 33 ಡಿಗ್ರಿ, ಶೇ. 65 ತೇವ ಇದ್ದರೆ ಒಂದು ಕಿಲೋ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿರುತ್ತದೆ. ಕೋಣೆ ಹಿತವಾಗಬೇಕಾದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೊರಗೆ ಹೋಗಬೇಕು.

ಆಮೇಲೆ ಅವರು ಕಾಗದ ಹಿಡಿದು ಕೂತರು. ಬೇಸಿಗೆಯ ಮಧ್ಯಾಹ್ನ ತಾರಸಿಯಿಂದ ಇಳಿಯುವ ಬಿಸಿ ಸುಮಾರು 900 ವ್ಯಾಟ್. ಪಶ್ಚಿಮದ ಚಿರೇಕಲ್ಲಿನ ಗೋಡೆಯಿಂದ 350. ಪರದೆ ಎಳೆದ ಕಿಟಕಿಯಿಂದ 400. ನಾವು ಮೂವರು, ತಲೆಗೆ ನೂರು ಚಿಲ್ಲರೆಯಂತೆ 350. ಫ್ಯಾನು, ಟಿವಿ, ದೀಪ ಸೇರಿ 150. ಸಂದಿಗಳಲ್ಲಿ ನುಗ್ಗುವ ಗಾಳಿಯಿಂದ 350, ಅದರಲ್ಲಿ ಮುಕ್ಕಾಲು ಪಾಲು ಆ ಗಾಳಿಯ ನೀರನ್ನು ಹಿಂಡುವುದಕ್ಕೇ. ಎಲ್ಲ ಕೂಡಿದರೆ 2,500. ಒಂದು ಟನ್ನಿನ ಎಸಿ ಅಂದರೆ ಗಂಟೆಗೆ 12,000 ಬಿಟಿಯು (ಬಿಸಿಯ ಒಂದು ಅಳತೆ), ಅಂದರೆ ಸುಮಾರು 3,500 ವ್ಯಾಟ್ ಬಿಸಿ ತೆಗೆಯುವಂಥದ್ದು. ಒಂದೇ ಟನ್ ಧಾರಾಳ ಸಾಕಿತ್ತು. ನಾವು ತಂದದ್ದು 7,000 ವ್ಯಾಟಿನದು! ಮಳೆಗಾಲದ ರಾತ್ರಿಯಂತೂ ನಮ್ಮ ಕೋಣೆಯ ಬಿಸಿ ಸಾವಿರ ವ್ಯಾಟನ್ನೂ ಮುಟ್ಟುವುದಿಲ್ಲ.

ಅಂಗಡಿಯವರು ಬದಲಿಸಿ ಕೊಡಲಿಲ್ಲ. ಸಿಕ್ಕ ಬೆಲೆಗೆ ಮಾರಿ ಒಂದು ಟನ್ನಿನದು ಹಾಕಿಸಿದೆವು. ಅದು ನಿಲ್ಲದೆ ತುಂಬಾ ಹೊತ್ತು ಓಡುತ್ತದೆ. ಮೊದಲ ರಾತ್ರಿಯೇ ಬಕೆಟ್ ಅರ್ಧಕ್ಕೆ ಬಂತು. ಈಗ 26ಕ್ಕೆ ಇಟ್ಟರೂ ಹಿತ, ಮೀಟರ್ ಶೇ. 56 ತೋರಿಸುತ್ತದೆ.

ನೀವು ಕೊಳ್ಳುವ ಮುಂಚೆ ಅಂಗಡಿಯವರನ್ನು ಮನೆಗೆ ಕರೆಸಿ. ತಾರಸಿ, ಗೋಡೆಯ ದಿಕ್ಕು, ಕಿಟಕಿ, ಮಲಗುವ ಜನ, ಇಷ್ಟನ್ನೂ ಕೇಳದೆ ಬರೀ ಚದರಡಿ ಹಿಡಿದು ಟನ್ ಹೇಳಿದರೆ ಬೇರೆ ಅಂಗಡಿಗೆ ಹೋಗಿ. ಲೆಕ್ಕವನ್ನು ಬರೆದೇ ಕೊಡಲಿ. ಇನ್ವರ್ಟರ್ ಎಸಿಯಾದರೆ ಎಷ್ಟು ದೊಡ್ಡದಾದರೂ ನಡೆಯುತ್ತೆ ಅನ್ನುತ್ತಾರೆ, ನಂಬಬೇಡಿ. ಬೇಡಿಕೆ ಕಡಿಮೆಯಾದಾಗ ಅದರ ಕಂಪ್ರೆಸರ್ ನಿಲ್ಲುವ ಬದಲು ವೇಗ ಇಳಿಸುವುದು ನಿಜ, ಆದರೆ ಒಂದು ಮಟ್ಟದವರೆಗೆ ಮಾತ್ರ.

ಇನ್ನೂ ಮನೆ ಕಟ್ಟುತ್ತಿರುವವರು ದಯವಿಟ್ಟು ತಾರಸಿಯ ಬಗ್ಗೆ ಮೊದಲು ಯೋಚಿಸಿ. ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು 2018ರಲ್ಲಿ ಬಂದ ಕೇಂದ್ರ ಸರ್ಕಾರದ ಇಕೋ ನಿವಾಸ ಸಂಹಿತೆ, ಚಾವಣಿಯಿಂದ ಇಳಿಯುವ ಬಿಸಿಗೆ ಹಾಕಿದ ಮಿತಿ ಚದರ ಮೀಟರಿಗೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರೀ ಕಾಂಕ್ರೀಟ್ ಸ್ಲ್ಯಾಬ್ ಮೂರನ್ನು ದಾಟುತ್ತದೆ. ನಾವು ಈ ವರ್ಷ ತಾರಸಿಗೆ ಬಿಳಿ ಬಣ್ಣ ಬಳಿಸಿ, ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿಸಿದೆವು.

ಈಗಾಗಲೇ ದೊಡ್ಡದು ತಂದಿದ್ದರೆ ಫ್ಯಾನಿನ ವೇಗ ಕಡಿಮೆ ಇಡಿ, ಮಳೆಗಾಲದಲ್ಲಿ ರಿಮೋಟಿನ ಡ್ರೈ ಮೋಡ್ (ತೇವ ತೆಗೆಯುವ ಆಯ್ಕೆ) ಬಳಸಿ. ತೇವದ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ತಂದು ಮಂಚದ ಪಕ್ಕ ಇಡಿ. ರಾತ್ರಿಯಿಡೀ ಅದು 70ರ ಮೇಲೇ ನಿಂತಿದ್ದರೆ ಬೆಳಿಗ್ಗೆ ಎದ್ದವರೇ ಕಪಾಟು ಸರಿಸಿ ನೋಡಿ.