ಗಸ್ತು ಕಾರೋ, ವಿಚಾರಣೆಯ ಕೋಣೆಯೋ?

ಪೊಲೀಸರ ನಿಜವಾದ ಕೆಲಸ ತೋರಿಸುವ ಸರಣಿ ನೋಡಬೇಕೆಂದರೆ ಎರಡು ಹೆಸರು ಮುಂದೆ ಬರುತ್ತವೆ: ಅಮೆರಿಕದ ‘ಕಾಪ್ಸ್’, ಬ್ರಿಟನ್ನಿನ ‘24 ಅವರ್ಸ್ ಇನ್ ಪೊಲೀಸ್ ಕಸ್ಟಡಿ’.

‘ಕಾಪ್ಸ್’ ಫಾಕ್ಸ್ ವಾಹಿನಿಯಲ್ಲಿ 1989ರಲ್ಲಿ ಶುರುವಾಯಿತು. ನಿರೂಪಕನಿಲ್ಲ, ಕ್ಯಾಮೆರಾ ಗಸ್ತು ಕಾರಿನಲ್ಲೇ ಕುಳಿತಿರುತ್ತದೆ. ಓಟ, ಬೇಲಿ ಹಾರುವುದು, ಕೈಕೋಳ, ಅಷ್ಟರಲ್ಲಿ ಮುಂದಿನ ಪ್ರಕರಣ. ಅಂದು ಮೈನವಿರೇಳಿಸಿದ್ದು ಇಂದು ಇರುಸುಮುರುಸು ತರುತ್ತದೆ. ಅಂಗಿಯಿಲ್ಲದೆ, ಅಮಲಿನಲ್ಲಿ ಹುಲ್ಲಿನ ಮೇಲೆ ಬೋರಲಾಗಿ ಬಿದ್ದವನ ಗತಿ ನ್ಯಾಯಾಲಯದಲ್ಲಿ ಏನಾಯಿತೆಂದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಅಪರಾಧ ಸಾಬೀತಾಗುವವರೆಗೆ ಎಲ್ಲರೂ ನಿರಪರಾಧಿಗಳು ಎಂಬ ಮಾತೇನೋ ಬರುತ್ತದೆ; ಆದರೆ ಕಣ್ಣು ಅಷ್ಟರಲ್ಲೇ ತೀರ್ಪು ಕೊಟ್ಟಿರುತ್ತದೆ! ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಬಳಿಕ, 2020ರ ಜೂನ್‌ನಲ್ಲಿ, ಆಗ ಇದನ್ನು ಪ್ರಸಾರ ಮಾಡುತ್ತಿದ್ದ ಪ್ಯಾರಾಮೌಂಟ್ ನೆಟ್‌ವರ್ಕ್ ವಾಹಿನಿ ಕೈಬಿಟ್ಟಿತು. ಮರುವರ್ಷ ಫಾಕ್ಸ್ ನೇಷನ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಮರಳಿತು.

2014ರಲ್ಲಿ ಚಾನೆಲ್ 4ರಲ್ಲಿ ಆರಂಭವಾದ ಬ್ರಿಟಿಷ್ ಸರಣಿ ಬೆಡ್‌ಫರ್ಡ್‌ಶೈರ್ ಪೊಲೀಸರ ಲೂಟನ್ ಠಾಣೆಯಿಂದ ಹೆಸರಾಯಿತು. ಅಲ್ಲಿ ಗಡಿಯಾರವೇ ನಾಯಕ: ಅವಧಿ ವಿಸ್ತರಣೆಯಾಗದಿದ್ದರೆ 24 ಗಂಟೆಯೊಳಗೆ ಆರೋಪ ಹೊರಿಸಬೇಕು, ಇಲ್ಲವೇ ಬಿಡಬೇಕು. ವಕೀಲರ ಪಕ್ಕ ಕುಳಿತ ಶಂಕಿತ ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎನ್ನುವಾಗ ಅಧಿಕಾರಿಯ ತಾಳ್ಮೆ ಸವೆಯುವುದು ಕಾಣುತ್ತದೆ. ಇಲ್ಲಿಯೂ ಕ್ಯಾಮೆರಾ ಹೆಚ್ಚಾಗಿ ಖಾಕಿಯ ಬಗಲಲ್ಲೇ (ಅವರದು ಕಪ್ಪು ಅನ್ನಿ).

ಇಪ್ಪತ್ತೇ ನಿಮಿಷ ಬಿಡುವಿದ್ದರೆ ‘ಕಾಪ್ಸ್’ ಸಾಕು. ಒಂದು ಸಂಜೆ ಇದ್ದರೆ ನಾನು ಲೂಟನ್‌ಗೇ ಹೋಗುತ್ತೇನೆ.