ಗೋಡೆಯ ಚಾರ್ಟ್, ಫೋನಿನ ಅಕ್ಷರ, ತಿರುಗುವ ಬಾಚಣಿಗೆ: ಮನೆಯಲ್ಲೇ ಕಣ್ಣು ನೋಡಿದ ಅನುಭವ

ಅಡಿಕೆ ಸುಲಿದು ಆರಿಸುವಾಗ ಅತ್ತೆಯವರು ಒಳ್ಳೆಯ ರಾಶಿಗೆ ಪಟೋರವನ್ನೂ (ಕೆಳದರ್ಜೆಯ ಅಡಿಕೆ) ಹಾಕತೊಡಗಿದ್ದರು. ನಲವತ್ತು ವರ್ಷಕ್ಕಿಂತ ಜಾಸ್ತಿ ಅದೇ ಕೆಲಸ ಮಾಡಿದ ಕೈ ಅದು, ತಪ್ಪುವ ಕೈಯಲ್ಲ. ಕೇಳಿದರೆ “ಬೆಳಕು ಸಾಲುವುದಿಲ್ಲ” ಎನ್ನುತ್ತಿದ್ದರು. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದರೆ ಕಾಸರಗೋಡಿಗೋ ಮಂಗಳೂರಿಗೋ ಹೋಗಬೇಕು. ಜುಲೈ ಮಳೆಯಲ್ಲಿ ಅವರನ್ನು ಹೊರಡಿಸುವುದು ಸುಲಭವಲ್ಲ. ಫೋನಿನಲ್ಲೇ ಒಮ್ಮೆ ನೋಡಿ, ಎಷ್ಟು ಅವಸರ ಇದೆ ಅಂತ ತಿಳಿಯೋಣ ಅಂದುಕೊಂಡೆ. ಎರಡು ವಾರ ಮನೆಯವರೆಲ್ಲರ ಮೇಲೆ ಪ್ರಯೋಗ ನಡೆಯಿತು. 71ರ ಅತ್ತೆ, 10 ವರ್ಷದ ಮಗ, 44ರ ನಾನು.

ಮೊದಲು ಇಳಿಸಿಕೊಂಡದ್ದು ಅಕ್ಷರದ ಸಾಲುಗಳಿರುವ ಒಂದು ಆಪ್. ಕಣ್ಣಿನ ಅಂಗಡಿಯ ಚಾರ್ಟನ್ನೇ ಫೋನಿಗೆ ತಂದಂತೆ ಇತ್ತು. 3 ಮೀಟರ್ ದೂರ ನಿಲ್ಲಿ ಅಂದಿತು. ಕನ್ನಡಕ ಹಾಕಿಕೊಂಡು ನೋಡಿದರೂ ನನಗೆ ಕೊನೆಯ ಮೂರು ಸಾಲು ಕಾಣಲಿಲ್ಲ. ಹೆದರಿಕೆಯೇ ಆಯಿತು. ಆಮೇಲೆ ಮಗನ ಸ್ಕೇಲ್ ತಂದು ಅಳೆದೆ. ಒಳ್ಳೆಯ ಕಣ್ಣಿಗೆ 60 ಮೀಟರಿನಿಂದ ಕಾಣುವುದು 6 ಮೀಟರಿಗೆ ಬಂದರೆ ಮಾತ್ರ ಕಂಡರೆ ಆ ನೋಟ 6/60, ಸರಿಯಾದ ನೋಟ 6/6. 6/60 ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ ಸುಮಾರು 87 ಮಿಲಿಮೀಟರ್ ಎತ್ತರ ಇರಬೇಕು, 3 ಮೀಟರ್‌ಗೆ ಅದರ ಅರ್ಧ, ಅಂದರೆ 44ರ ಹತ್ತಿರ. ನನ್ನ ಫೋನಿನಲ್ಲಿ ಬಂದದ್ದು 31. ಚಾರ್ಟಿನ ಚಿತ್ರವನ್ನು ಪರದೆಯ ಅಗಲಕ್ಕೆ ಹೊಂದಿಸಿ ಕುಗ್ಗಿಸಿದ್ದರು, ಅಷ್ಟೆ. ಒಳ್ಳೆಯ ಆಪ್ ಆದರೆ ಮೊದಲು ಎಟಿಎಂ ಕಾರ್ಡನ್ನು ಪರದೆಯ ಮೇಲಿಟ್ಟು ಅಳತೆ ಸರಿಮಾಡಿಕೊಳ್ಳಲು ಹೇಳುತ್ತದೆ, ಇಲ್ಲವೇ ಫೋನಿನ ಮಾದರಿ ನೋಡಿ ತಾನೇ ಲೆಕ್ಕ ಹಾಕುತ್ತದೆ. ಕಾರ್ಡ್ ಯಾವ ಬ್ಯಾಂಕಿನದಾದರೂ ಅಗಲ 85.6 ಮಿಲಿಮೀಟರ್. ಇದು ಎರಡನ್ನೂ ಮಾಡಿರಲಿಲ್ಲ.

ಅತ್ತೆಯ ಸರದಿ ಬಂದಾಗ ಇನ್ನೊಂದು ತೊಡಕು ಗೊತ್ತಾಯಿತು. ಅವರು ಕನ್ನಡ ಶಾಲೆಯಲ್ಲಿ ಐದನೇ ತರಗತಿ ಓದಿದವರು. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಮಲಯಾಳಂ ಮಾತು ಅರ್ಥವಾದರೂ ಓದಲು ಬರುವುದಿಲ್ಲ. ದೊಡ್ಡ ಅಕ್ಷರ ತೋರಿಸಿದರೂ ಸುಮ್ಮನೆ ನಿಂತರು. ಕಡೆಗೆ “ಎನಗೆ ಈ ಅಕ್ಷರ ಗೊಂತಿಲ್ಲೆ ಕೂಸೇ” ಎಂದರು. ಕಾಣುವುದಿಲ್ಲ ಅನ್ನುವುದೂ ಓದಲು ಬರುವುದಿಲ್ಲ ಅನ್ನುವುದೂ ಬೇರೆ ಬೇರೆ ಅಲ್ವಾ? ಈ ಆಪ್‌ಗೆ ಎರಡೂ ಒಂದೇ. ಗಡಿಯ ಈ ಕಡೆ ಇರುವ ನಮ್ಮ ಹಿರಿಯರಲ್ಲಿ ಎಷ್ಟು ಜನ ಹೀಗೆ ಅಂಗಡಿಯ ಚಾರ್ಟಿನ ಮುಂದೆ ನಾಚಿ ನಿಂತಿರಬಹುದು! ಕನ್ನಡ ಅಕ್ಷರಗಳನ್ನೇ ಬರೆದು ಗೋಡೆಗೆ ಅಂಟಿಸಿಯೂ ನೋಡಿದೆ. ಅದೂ ಸರಿಹೋಗಲಿಲ್ಲ. ‘ಗ’ ದೂರದಿಂದಲೇ ಗೊತ್ತಾಗುತ್ತದೆ. ‘ದ’ ಮತ್ತು ‘ಧ’ಕ್ಕೆ ಇರುವ ವ್ಯತ್ಯಾಸ ಸಣ್ಣ ಗೀಟು. ಒಂದೇ ಸಾಲಿನಲ್ಲಿ ಒಂದು ಸುಲಭ, ಇನ್ನೊಂದು ಕಷ್ಟ.

ಅದಕ್ಕೇ ನನಗೆ ಪೀಕ್ ಅಕ್ಯುಯಿಟಿ ಎಂಬ ಆಪ್ ತುಂಬಾ ಹಿಡಿಸಿತು. ಇದರಲ್ಲಿ ಓದುವ ಕೆಲಸವೇ ಇಲ್ಲ. ಇಂಗ್ಲಿಷಿನ ‘ಇ’ ಅಕ್ಷರ ಒಮ್ಮೆ ಮೇಲಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ತಿರುಗಿ ಬರುತ್ತದೆ. ಅತ್ತೆಗೆ ನಾನು ಹೇಳಿದ್ದು ಇಷ್ಟೇ: “ಮೂರು ಹಲ್ಲಿನ ಬಾಚಣಿಗೆ ಅಂತ ತಿಳ್ಕೊಳ್ಳಿ. ಹಲ್ಲು ಯಾವ ಕಡೆಗೆ ಇದೆಯೋ ಆ ಕಡೆಗೆ ಕೈ ತೋರಿಸಿ.” ಅವರು ಕೈ ತೋರಿಸಿದ ದಿಕ್ಕಿಗೆ ನಾನು ಪರದೆಯ ಮೇಲೆ ಬೆರಳು ಸರಿಸಬೇಕು. ಫೋನ್ ಹಿಡಿದವರು ಪರದೆ ನೋಡದೆ ಅವರ ಕೈಯನ್ನೇ ನೋಡುವುದು ಒಳ್ಳೆಯದು. ಉತ್ತರ ಗೊತ್ತಿದ್ದರೆ ನಮಗೇ ಅರಿವಿಲ್ಲದೆ ಅವರ ಪರವಾಗಿ ಬೆರಳು ಹೋಗಿಬಿಡುತ್ತದೆ. ಕಣ್ಣಿನ ಡಾಕ್ಟರ್ ಆಂಡ್ರ್ಯೂ ಬಸ್ಟಾರಸ್ ಮತ್ತು ಅವರ ಜೊತೆಗಾರರು ಇದನ್ನು ಕೀನ್ಯಾದ ನಕುರು ಎಂಬಲ್ಲಿ ಹಿರಿಯರ ಮೇಲೆ ಪರೀಕ್ಷಿಸಿ, ಗೋಡೆಯ ಚಾರ್ಟಿನ ಜೊತೆ ಹೋಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಹತ್ತಿರ ಹತ್ತಿರ ಬಂದಿದ್ದವು. ಆಸ್ಪತ್ರೆ ದೂರ ಇರುವ ಊರಿನ ಜನರಿಗಾಗಿ ಮಾಡಿದ್ದು ಅನ್ನುವುದು ಬಳಸುವಾಗಲೇ ಗೊತ್ತಾಗುತ್ತದೆ.

ಅತ್ತೆಯ ಬಲಗಣ್ಣು 6/12 ಬಂತು. ಎಡಗಣ್ಣು 6/36. ಎರಡೂ ಕಣ್ಣು ತೆರೆದಾಗ ಬಲಗಣ್ಣು ಸಂಭಾಳಿಸುತ್ತಿತ್ತು. ಎಡಗಣ್ಣು ಅಷ್ಟು ಮಂಜಾಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಯಾವ ಆಪ್ ಆದರೂ ದೂರವನ್ನು ಟೇಪಿನಲ್ಲೇ ಅಳೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಪೀಕ್‌ಗೆ 2 ಮೀಟರ್ ದೂರ ಬೇಕು. ಮೊದಲ ದಿನ ನಾನು ಅದನ್ನು ಹೆಜ್ಜೆ ಲೆಕ್ಕದಲ್ಲಿ ಅಂದಾಜು ಮಾಡಿದ್ದೆ. ತೋಟಕ್ಕೆ ಪೈಪ್ ಹಾಕುವಾಗ ತಂದ ಟೇಪ್ ಹಿಡಿದರೆ ಒಂದೂವರೆ ಮೀಟರ್ ಇತ್ತು. ಅರ್ಧ ಮೀಟರ್ ಹತ್ತಿರವಾದರೆ ಅಕ್ಷರ ಮೂರನೇ ಒಂದು ಪಾಲು ದೊಡ್ಡದಾಗಿ ಕಂಡಂತೆ. ಅತ್ತೆಗೆ ಆ ದಿನ ಬಂದ ಒಳ್ಳೆಯ ಅಂಕಿ ಸುಳ್ಳು. ಬೆಳಕಿನದೂ ಹಾಗೆಯೇ. ಜಗಲಿಯಲ್ಲಿ ಅಂಗಳದ ಬೆಳಕು ಪರದೆಗೆ ಹೊಡೆದು ಏನೂ ಕಾಣಲಿಲ್ಲ. ಚಾವಡಿಯ ಒಳಗೆ, ಕಿಟಕಿ ಪಕ್ಕಕ್ಕೆ ಬರುವಂತೆ ಕೂರಿಸಿದ ಮೇಲೆ ಸರಿಹೋಯಿತು. ಪರದೆಯ ಬೆಳಕು ಪೂರ್ತಿ ಹೆಚ್ಚಿಸಿ, ರಾತ್ರಿಯ ಹಳದಿ ಬಣ್ಣ ಆಫ್ ಮಾಡಿ. ದೂರಕ್ಕೆ ಹಾಕುವ ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಬೇಕು.

ಕಾಗದದ ಚಾರ್ಟಿಗೂ ದೂರ, ಬೆಳಕು ಸರಿಯಾಗಿರಬೇಕು, ಆದರೆ ಪರದೆಯ ರಗಳೆ ಇಲ್ಲ. ಅಳತೆ ಅಚ್ಚಿನಲ್ಲೇ ಇರುತ್ತದೆ, ಚಾರ್ಜ್ ಬೇಡ. 1862ರಲ್ಲಿ ನೆದರ್ಲೆಂಡ್ಸಿನ ಹರ್ಮನ್ ಸ್ನೆಲ್ಲನ್ ಮಾಡಿದ ಕ್ರಮವೇ ಇಂದಿಗೂ ಅಂಗಡಿಗಳ ಗೋಡೆಯ ಮೇಲಿದೆ. ಆದರೆ ನನ್ನ ಮಗ ಎರಡನೇ ದಿನಕ್ಕೆ ಕೆಳಗಿನ ಸಾಲನ್ನು ಬಾಯಿಪಾಠ ಮಾಡಿದ್ದ! ತಿರುಗುವ ಬಾಚಣಿಗೆಯನ್ನು ಬಾಯಿಪಾಠ ಮಾಡಲು ಆಗುವುದಿಲ್ಲ. ಮಕ್ಕಳ ವಿಷಯದಲ್ಲಿ ಫೋನು ಗೆಲ್ಲುವುದು ಇಲ್ಲೇ. ಕಣ್ಣು ಮುಚ್ಚುವಾಗ ಬೆರಳಿನ ಸಂದಿಯಿಂದ ಇಣುಕುತ್ತಾರೆ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಮುಚ್ಚಿಸಿ. ಒಂದೊಂದೇ ಕಣ್ಣು ನೋಡದಿದ್ದರೆ ಸೋಮಾರಿ ಕಣ್ಣು (ಚಿಕ್ಕಂದಿನಿಂದಲೇ ಒಂದು ಕಣ್ಣಿನ ನೋಟ ಹಿಂದೆ ಬಿದ್ದಿರುವುದು) ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಅದಕ್ಕೆ ಚಿಕ್ಕಂದಿನಲ್ಲೇ ಚಿಕಿತ್ಸೆ ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ವ್ಹೂಐಸ್ ಆಪ್ ಕೂಡ ಉಚಿತ, ಅದರಲ್ಲೂ ಇದೇ ಬಾಚಣಿಗೆ. 8 ವರ್ಷ ದಾಟಿದವರಿಗೆ. ದೂರದ ಜೊತೆಗೆ ಹತ್ತಿರದ ನೋಟವನ್ನೂ ನೋಡುತ್ತದೆ. ನನಗೆ ಪ್ರಯೋಜನವಾದದ್ದು ಅದೇ. ದೂರದ್ದು ಕನ್ನಡಕದಲ್ಲಿ 6/6, ಹತ್ತಿರದ್ದು ಬಹಳ ಹಿಂದೆ ಬಿದ್ದಿತ್ತು. ಔಷಧಿಯ ಚೀಟಿಯನ್ನು ಕೈ ಚಾಚಿ ಹಿಡಿದು ಓದುತ್ತಿದ್ದೆ. 40 ದಾಟಿದ ಮೇಲೆ ಬರುವ ಚಾಳೀಸು ಅದು.

ಇನ್ನೊಂದು ಪರೀಕ್ಷೆಗೆ ಆಪ್ ಬೇಡ. ಮದುವೆ ಕಾಗದದ ದಪ್ಪ ರಟ್ಟಿಗೆ ಗುಂಡುಸೂಜಿಯಿಂದ 1 ಮಿಲಿಮೀಟರಿನಷ್ಟು ತೂತು ಮಾಡಿ, ಅದರ ಮೂಲಕ ಅದೇ ಬಾಚಣಿಗೆ ನೋಡಬೇಕು. ಕನ್ನಡಕ ತೆಗೆದಾಗ ನನಗೆ 6/24 ಇದ್ದದ್ದು ತೂತಿನಿಂದ 6/9 ಆಯಿತು. ಹೀಗೆ ಸುಧಾರಿಸಿದರೆ ಹೆಚ್ಚಾಗಿ ಪವರಿನ ತೊಂದರೆ. ಅತ್ತೆಯ ಎಡಗಣ್ಣು 6/36ರಿಂದ ಅಲ್ಲಾಡಲಿಲ್ಲ. ಹಾಗಾದರೆ ಕನ್ನಡಕ ಬದಲಿಸಿ ಸರಿಹೋಗುವ ವಿಷಯ ಅಲ್ಲ ಅಂತ ಅನಿಸಿತು. ಮಳೆ ನಿಲ್ಲುವ ತನಕ ಕಾಯದೆ ಮಂಗಳೂರಿಗೆ ಹೊರಟೆವು. ಡಾಕ್ಟರು ಪೊರೆ ಬೆಳೆದಿದೆ ಅಂದರು.

ಭಾವನ ಕಥೆಯನ್ನೂ ಹೇಳಬೇಕು. ಅವರಿಗೆ 52. ಎಲ್ಲ ಪರೀಕ್ಷೆಯಲ್ಲೂ ಎರಡೂ ಕಣ್ಣು 6/6. ಖುಷಿಯಿಂದ ಹೋದರು. ಮುಂದಿನ ತಿಂಗಳು ಊರಿನ ಕಣ್ಣಿನ ಶಿಬಿರದಲ್ಲಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಶುರುವಾಗಿದೆ ಅಂತ ಗೊತ್ತಾಯಿತು. ಅದರಲ್ಲಿ ಮೊದಲು ಹೋಗುವುದು ಬದಿಯ ನೋಟ. ನಡುವಿನ ನೋಟ ಕೊನೆಯ ತನಕ ಚೆನ್ನಾಗಿರಬಹುದು, ಬದಿಯ ನೋಟ ಹೋದದ್ದು ಬಾಚಣಿಗೆಗೆ ಸಿಗುವುದೇ ಇಲ್ಲ. ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಒಳಪರದೆಯೂ ಹಾಗೆಯೇ. ಅವರು ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಲೇಬೇಕು, ಫೋನಿನಲ್ಲಿ ಎಷ್ಟೇ ಬಂದಿರಲಿ. ಏಕಾಏಕಿ ಮಿಂಚು ಕಂಡರೆ, ಪರದೆ ಎಳೆದಂತೆ ಕತ್ತಲಾದರೆ ಆಪ್ ತೆರೆಯುತ್ತಾ ಕೂರಬೇಡಿ, ಅಂದೇ ಹೊರಡಿ.

ಈಗ ನಮ್ಮಲ್ಲಿ ಉಳಿದದ್ದು ಪೀಕ್ ಮತ್ತು ತೂತಿನ ರಟ್ಟು, ಹತ್ತಿರದ ನೋಟಕ್ಕೆ ವ್ಹೂಐಸ್. ಚಾವಡಿಯ ಕಂಬದಿಂದ 2 ಮೀಟರಿಗೆ ನೆಲದಲ್ಲಿ ಬಣ್ಣದ ಗೀಟು ಎಳೆದಿದ್ದೇನೆ. ಮೂರು ತಿಂಗಳಿಗೊಮ್ಮೆ ನೋಡಿ ಕ್ಯಾಲೆಂಡರಿನ ಹಿಂದೆ ಬರೆಯುತ್ತೇನೆ. ಆಪರೇಶನ್ ಆಗಿ ಆರು ವಾರ ಕಳೆದ ಮೇಲೆ ಅತ್ತೆಯ ಎಡಗಣ್ಣು 6/9. ಬಲಗಣ್ಣಿಗೂ ಪೊರೆ ಬರುತ್ತಿದೆ, ಬೇಸಿಗೆಯಲ್ಲಿ ನೋಡೋಣ ಎಂದಿದ್ದಾರೆ ಡಾಕ್ಟರು. ಅಡಿಕೆ ಆರಿಸಲು ಅತ್ತೆ ಮತ್ತೆ ಕೂತಿದ್ದಾರೆ. ಪಟೋರದ ರಾಶಿ ಬೇರೆ ಬಿದ್ದಿದೆ.